ಎದೆಮಟ್ಟದ ಗುಂಡಿ

ಮರಗಳು ತೆಳ್ಳಗಾಗಿವೆ ಎಂದು ಟೆಸ್ಸ ಒಕಾದ ಹೇಳಿದಾಗ ಲೈಲ್ ಬ್ರೆಕ್ಕೆ ಮೊದಲು ಮಾಡಿದ ಕೆಲಸವೆಂದರೆ ತನ್ನ ಹೊಟ್ಟೆಯನ್ನು ಒಳಕ್ಕೆಳೆದುಕೊಂಡದ್ದು. ಯಾಕೆ ಹಾಗೆ ಮಾಡಿದೆನೆಂದು ಅವನಿಗೇ ಗೊತ್ತಾಗಲಿಲ್ಲ. ಪಿಕಪ್ ಟ್ರಕ್ಕು ಜಲ್ಲಿ ರಸ್ತೆಯ ತಿರುವುಗಳನ್ನು ಹತ್ತುತ್ತಿತ್ತು. ಟೆಸ್ಸ ಒಂದು ಕೈಯಲ್ಲಿ ಸ್ಟೀರಿಂಗು ಹಿಡಿದು ಇನ್ನೊಂದರಿಂದ ಸೂರ್ಯಕಾಂತಿ ಬೀಜ ಬಾಯಿಗೆ ಹಾಕಿಕೊಳ್ಳುತ್ತ, ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗುಳುತ್ತಿದ್ದಳು. ಮುಂದೆ ಹೋದ ಯಾವುದೋ ಮರದ ಲಾರಿ ಎಬ್ಬಿಸಿದ ಧೂಳು ಆಗಸ್ಟಿನ ಬಿಸಿಲಿನಲ್ಲಿ ಇನ್ನೂ ಕೂತಿರಲಿಲ್ಲ.

"ಯಾವ ಮರಗಳು?" ಎಂದ, ಗೊತ್ತಿದ್ದೂ.

"ನಿಮ್ಮವು. ವಿರಳ ತಾಕಿನವು. ಎಲ್ಲಾ ಅಲ್ಲ, ಮುಕ್ಕಾಲು ಪಾಲು. ಹೋದ ಸಲ ನೀವು ಅಳೆದದ್ದಕ್ಕಿಂತ ಈ ಸಲ ನಾನು ಅಳೆದಾಗ ಸಣ್ಣ ಬಂದಿವೆ."

"ಮರ ಸಣ್ಣ ಆಗಲ್ಲ, ಟೆಸ್ಸ."

"ನಾನೂ ಅವಕ್ಕೆ ಅದನ್ನೇ ಹೇಳ್ದೆ. ಕೇಳಲಿಲ್ಲ."

ಇಂಥ ಮಾತಿಗೆ ನಗಬೇಕು, ನಗದಿದ್ದರೆ ತಪ್ಪು ಮಾಡಿದವನ ಹಾಗೆ ಕಾಣುತ್ತೇನೆ ಎಂದುಕೊಂಡು ಅವನು ನಕ್ಕ. ನಕ್ಕದ್ದು ಕೆಮ್ಮಿದ ಹಾಗೆ ಕೇಳಿಸಿತು. ಅವಳು ಅರಣ್ಯ ಸಂಶೋಧನಾ ಸಂಸ್ಥೆಗೆ ಬಂದು ಒಂದು ವರ್ಷವಾಗಿತ್ತು. ಬರುವ ಡಿಸೆಂಬರಿನಲ್ಲಿ ಅವನು ನಿವೃತ್ತನಾದ ಮೇಲೆ ಅವನ ಕುರ್ಚಿ ಅವಳದು. ಒಂದು ದಿನ ಅವನು ಕಾಫಿ ತರಲು ಹೋಗಿ ಬರುವಷ್ಟರಲ್ಲಿ ಅವಳು ಆ ಕುರ್ಚಿಯ ಎತ್ತರ ಹೆಚ್ಚುಕಡಿಮೆ ಮಾಡುವ ಹಿಡಿಯನ್ನು ಎಳೆದು ನೋಡುತ್ತಿದ್ದಳು. ಅವನಿಗಿಂತ ಎತ್ತರದ ಹೆಂಗಸು. ಮಾತು ಕಡಿಮೆ, ಆಡಿದರೆ ಚುಚ್ಚು. ಅದೆಲ್ಲಕ್ಕಿಂತ ಅವನಿಗೆ ಆಗದೇ ಇದ್ದದ್ದು ಅವಳ ಕೋಲು. ಅಲ್ಯೂಮಿನಿಯಂ ಕೊಳವೆಯನ್ನು ಸರಿಯಾಗಿ ನಾಲ್ಕೂವರೆ ಅಡಿಗೆ ತಾನೇ ಕತ್ತರಿಸಿಕೊಂಡು, ಎರಡೂ ತುದಿಗೆ ರಬ್ಬರಿನ ಟೊಪ್ಪಿ ಹಾಕಿಕೊಂಡಿದ್ದಳು. ಈಗ ಅದು ಇಬ್ಬರ ಸೀಟಿನ ನಡುವೆ ಮೂರನೆಯವನ ಹಾಗೆ ನೆಟ್ಟಗೆ ಕೂತಿತ್ತು. ಅವರ ಕಸುಬಿನಲ್ಲಿ ಮರದ ದಪ್ಪವನ್ನು ಎದೆಮಟ್ಟದಲ್ಲಿ ಅಳೆಯಬೇಕು, ಇಳಿಜಾರಿನ ಮೇಲ್ಬದಿಯಲ್ಲಿ ನಿಂತು, ನೆಲದಿಂದ ನಾಲ್ಕೂವರೆ ಅಡಿಗೆ. ಯಾರ ಎದೆ ಎಂದು ಯಾರೂ ಕೇಳುವುದಿಲ್ಲ. ಲೈಲ್ ಕೆಲಸಕ್ಕೆ ಸೇರಿದ ಕಾಲದಲ್ಲಿ ಹೊಸಬರನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ನಾಲ್ಕೂವರೆ ಅಡಿ ಅವರವರ ಮೈಮೇಲೆ ಎಲ್ಲಿ ಬರುತ್ತದೆಂದು ತೋರಿಸಿಕೊಡುತ್ತಿದ್ದರು. ಒಬ್ಬನಿಗೆ ಅಂಗಿಯ ಜೇಬಿನ ಅಂಚು, ಒಬ್ಬನಿಗೆ ಕಂಕುಳು, ಒಬ್ಬನಿಗೆ ಹೇಳಿಕೊಳ್ಳಲಾಗದ ಜಾಗ. ಲೈಲನಿಗೆ ಬಂದದ್ದು ತೋಳಿಲ್ಲದ ಕಿತ್ತಳೆ ಜಾಕೆಟ್ಟಿನ ಎರಡನೇ ಗುಂಡಿಗೆ. "ಕೋಲು ಮನೇಲಿ ಮರೆತು ಬರಬಹುದು, ಎದೆ ಮರೆತು ಬರೋಕಾಗಲ್ಲ ಕಣೋ," ಎಂದಿದ್ದ ಅವನ ಮೊದಲ ಮೇಲಧಿಕಾರಿ. ಆ ಮನುಷ್ಯ ಸತ್ತದ್ದು ಎದೆನೋವಿನಿಂದ. ಅಂದಿನಿಂದ ಇಂದಿನವರೆಗೆ ಲೈಲ್ ಪ್ರತಿ ಮರದ ಮುಂದೆಯೂ ಹೋಗಿ ಎದೆಗೆ ಎದೆ ಕೊಟ್ಟು ನಿಂತು, ಗುಂಡಿ ತಾಗಿದಲ್ಲಿ ಟೇಪು ಸುತ್ತುತ್ತಿದ್ದ. ಜಾಕೆಟ್ಟು ಬದಲಾಗಿರಲಿಲ್ಲ. ಒಂದು ಸಲ ಅದನ್ನು ಎಸೆಯಲು ಹೋದ ಹೆಂಡತಿ ವಿಲ್ಮಾಳಿಗೆ, ಇದು ಬಟ್ಟೆಯಲ್ಲ, ಉಪಕರಣ ಎಂದು ಕೂಗಾಡಿದ್ದ.

"ಮುಟ್ಟದ ತಾಕು?" ಎಂದು ಕೇಳಿದ.

"ಅದು ಸರಿಯಾಗಿದೆ. ಸ್ವಲ್ಪ ಸ್ವಲ್ಪ ದಪ್ಪ ಆಗಿದೆ, ಆಗಬೇಕಾದಷ್ಟು. ಅದನ್ನ ನಾನು ತೆವಳಿಕೊಂಡು ಅಳೆದೆ. ಕಿವಿಯೊಳಗೆ ಇನ್ನೂ ಸೂಜಿ ಎಲೆ ಇದೆ."

ಬೆಟ್ಟದ ಒಂದೇ ಮೈಯಲ್ಲಿ ಒಂದೇ ಚಳಿಗಾಲದಲ್ಲಿ ನೆಟ್ಟ, ಸೂಜಿ ಎಲೆಯ ಡಗ್ಲಾಸ್ ಫರ್ ಮರಗಳು ಎರಡು ತಾಕುಗಳಾಗಿ ನಿಂತಿದ್ದವು. ಒಂದನ್ನು ನೆಟ್ಟ ಮೇಲೆ ಯಾರೂ ಮುಟ್ಟಿರಲಿಲ್ಲ. ಇನ್ನೊಂದರಲ್ಲಿ ಅರ್ಧಕ್ಕೂ ಹೆಚ್ಚು ಮರಗಳನ್ನು, ಅವು ಇನ್ನೂ ತೊಡೆಗಾತ್ರದವಾಗಿದ್ದಾಗ, ಲೈಲ್ ಕಡಿಸಿ ಉಳಿದವಕ್ಕೆ ಜಾಗ ಮಾಡಿದ್ದ. ಸಂಖ್ಯೆ ಕಡಿಮೆಯಾದರೂ ಇಳುವರಿ ಕಡಿಮೆಯಾಗುವುದಿಲ್ಲ, ಉಳಿದ ಕೆಲವೇ ಮರಗಳು ಒತ್ತೊತ್ತಾಗಿ ನಿಂತ ಅಷ್ಟೂ ಮರಗಳಷ್ಟೇ ದಿಮ್ಮಿ ಕೊಡುತ್ತವೆ ಎನ್ನುವುದು ಅವನ ವಾದ. ಆ ವಾದದಿಂದ ಅವನಿಗೆ ಒಂದು ಹೆಸರು ಬಂದಿತ್ತು, ತೀರ ದೊಡ್ಡದಲ್ಲ, ಒಂದು ಊಟದ ಮೇಜಿನಷ್ಟು ದೊಡ್ಡದು. ನೆಲದ ಒಡತಿ ಮೇವಿಸ್ ಪ್ರೂಯಿಟ್ ಈ ದಿನ ಮಧ್ಯಾಹ್ನ ಬರುವವಳಿದ್ದಳು. ವಾದ ನಿಜವಾದರೆ ಇಡೀ ಇಳಿಜಾರನ್ನು ಹಾಗೇ ಬೆಳೆಯಲು ಬಿಡುತ್ತೇನೆ, ಸುಳ್ಳಾದರೆ ಎಲೆ ಉದುರುವ ಕಾಲಕ್ಕೆ ಎರಡೂ ತಾಕು ಬೋಳು ಎಂದು ಫೋನಿನಲ್ಲೇ ಹೇಳಿದ್ದಳು. ಮಾತು ಬೇಗ ಮುಗಿಯಲಿ ಎಂದು ಕಡಿಯುವ ಗುತ್ತಿಗೆಯ ರಸ್ಸ್ ಕಾಲ್ವೆಟ್‌ನನ್ನೂ ಜೊತೆಗೇ ಕರೆತರುತ್ತಿದ್ದಳು. ಮದುವೆ ಮಾತುಕತೆಗೆ ಪುರೋಹಿತನ ಜೊತೆ ಸ್ಮಶಾನದವನನ್ನೂ ಕರೆತಂದ ಹಾಗೆ.

ಟ್ರಕ್ಕಿನಿಂದ ಇಳಿದಾಗ ವಿರಳ ತಾಕಿನ ಬೆಳಕು ಎಂದಿನ ಹಾಗೆ ಅವನನ್ನು ಸಮಾಧಾನಪಡಿಸಿತು. ದಪ್ಪನೆಯ ಕಂದು ಕಾಂಡಗಳು, ನಡುನಡುವೆ ಸೊಂಟದೆತ್ತರದ ಜರೀಗಿಡ, ಎಲ್ಲಿಂದ ಎಲ್ಲಿಗೆ ಬೇಕಾದರೂ ಜೇಬಿನಲ್ಲಿ ಕೈ ಹಾಕಿಕೊಂಡು ನಡೆಯಬಹುದು. ಪಕ್ಕದಲ್ಲೇ ಮುಟ್ಟದ ತಾಕು, ಕಪ್ಪಗೆ ಗೋಡೆಯ ಹಾಗೆ. ಅದರೊಳಗೆ ಬಿಸಿಲಿಲ್ಲ, ಹುಲ್ಲಿಲ್ಲ, ಬುಡದಿಂದ ತಲೆಯವರೆಗೆ ಸತ್ತ ಕೊಂಬೆಗಳು ಈಟಿಯಂತೆ ಚಾಚಿಕೊಂಡಿವೆ. ಲೈಲ್ ಅದರೊಳಗೆ ಹೋಗುತ್ತಿರಲಿಲ್ಲ. ಮೊದಮೊದಲು ಹೋಗಬೇಕೆಂದುಕೊಂಡಿದ್ದ. ಆಮೇಲೆ ಬೇಸಿಗೆ ಕೆಲಸಕ್ಕೆ ಬರುವ ವಿದ್ಯಾರ್ಥಿಗಳು ಇದ್ದರು, ಅವರು ಕಲಿಯಲಿ ಎಂದು ಕೋಲು ಕೊಟ್ಟು ಕಳಿಸಿದ. ಆಮೇಲೆ ಮಂಡಿ ನೋವು. ಆಮೇಲೆ ಕಣಜದ ಗೂಡು, ಅದು ಒಂದು ವರ್ಷ ನಿಜವಾಗಿಯೂ ಇತ್ತು, ಮುಂದಿನ ವರ್ಷಗಳಲ್ಲಿ ಅದರ ನೆನಪು ಇತ್ತು. ಹೀಗೆ ಅವನು ಎಂದೂ ಬೆಳಕಿನ ಕಡೆ, ಬೇರೆಯವರು ಎಂದೂ ಕತ್ತಲ ಕಡೆ. ಸಮ್ಮೇಳನದ ಊಟದಲ್ಲಿ ಒಬ್ಬ ಸ್ವೀಡನ್ನಿನವನು, ನಿಮ್ಮ ಮುಟ್ಟದ ತಾಕು ಹೇಗಿದೆ ಎಂದು ಕೇಳಿದ್ದಕ್ಕೆ, ಚೆನ್ನಾಗಿದೆಯಂತೆ ಎಂದುಬಿಟ್ಟಿದ್ದ.

ಟೆಸ್ಸ ತಾಕಿನ ಮೂಲೆಗೂಟಗಳನ್ನು ನೋಡಿಬರುತ್ತೇನೆಂದು ಮೇಲಕ್ಕೆ ಹೋದಳು. ಅವನು ತನಗೆ ಇಷ್ಟವಾದ ಮರದ ಹತ್ತಿರ ಹೋದ. ಇಷ್ಟ ಎಂದು ಯಾರಿಗೂ ಹೇಳಿರಲಿಲ್ಲ, ಸಂಶೋಧಕನಿಗೆ ಇಷ್ಟದ ಮರ ಇರಬಾರದು. ಮೇಲ್ಬದಿಯಲ್ಲಿ ನಿಂತು ಎದೆ ಕೊಟ್ಟ. ಗುಂಡಿ ತೊಗಟೆಗೆ ತಾಗಿತು. ಟೇಪಿನ ತುದಿಯ ಕೊಕ್ಕೆಯನ್ನು ಅದೇ ಗುಂಡಿಗೆ ಸಿಕ್ಕಿಸಿ ಕೆಳಕ್ಕೆ ಬಿಟ್ಟ. ಹಾಗೆ ಮಾಡಬಾರದು ಎಂದು ಕೈ ಹೇಳುತ್ತಿತ್ತು, ಆದರೂ ಬಿಟ್ಟ. ಬಗ್ಗಿ ನೆಲದ ಹತ್ತಿರ ಓದಬೇಕು. ಆದರೆ ಬಗ್ಗಿದರೆ ಗುಂಡಿಯೂ ಬಗ್ಗುತ್ತದೆ. ನೆಟ್ಟಗೆ ನಿಂತರೆ ಅಂಕಿ ಕಾಣುವುದಿಲ್ಲ. ಎರಡು ಸಲ ಬಗ್ಗಿ ಎರಡು ಸಲ ಎದ್ದ. ಕೊನೆಗೆ ಟೇಪನ್ನು ಬೂಟಿನಿಂದ ಒತ್ತಿ ಹಿಡಿದು, ಗುಂಡಿಯಿಂದ ಬಿಡಿಸಿ ಓದಿದ. ನಾಲ್ಕಡಿ ಎರಡಿಂಚು. ಟೇಪು ಕೆಟ್ಟಿದೆ ಎಂದುಕೊಂಡ. ಕಬ್ಬಿಣದ ಟೇಪು ಹೇಗೆ ಕೆಡುತ್ತದೆ ಎಂದು ತನ್ನನ್ನೇ ಕೇಳಿಕೊಂಡು, ಉತ್ತರ ಬರುವ ಮೊದಲೇ ಜಾಕೆಟ್ಟಿನ ಜೇಬುಗಳನ್ನು ಖಾಲಿ ಮಾಡತೊಡಗಿದ. ಟ್ಯೂನಾ ಮೀನಿನ ಸ್ಯಾಂಡ್‌ವಿಚ್ಚು, ಇನ್ನೊಂದು ಸ್ಯಾಂಡ್‌ವಿಚ್ಚು, ಕಾಫಿಯ ಫ್ಲಾಸ್ಕು, ಕರಡಿಗೆ ಹೊಡೆಯುವ ಖಾರದ ಡಬ್ಬಿ, ದಿಕ್ಸೂಚಿ, ಬಣ್ಣದ ಡಬ್ಬಿ, ಯಾವುದೋ ಚಳಿಗಾಲದ ಕೈಗವಸಿನ ಒಂದೇ ಕೈ. ಒಂದೊಂದನ್ನು ತೆಗೆದಿಟ್ಟ ಹಾಗೆಲ್ಲ ಜಾಕೆಟ್ಟು ಹೆಗಲ ಮೇಲೆ ಸ್ವಲ್ಪ ಸ್ವಲ್ಪ ಏರಿತು. ಮತ್ತೆ ಅಳೆದ. ನಾಲ್ಕಡಿ ಮೂರಿಂಚು. ಒಂದು ಇಂಚು ಸ್ಯಾಂಡ್‌ವಿಚ್ಚಿನದು. ಮಿಕ್ಕ ಮೂರು ಯಾರವು?

ವಸಂತದಲ್ಲಿ ಆಸ್ಪತ್ರೆಯ ನರ್ಸು ಅವನನ್ನು ಎತ್ತರ ನೋಡುವ ಕಂಬಕ್ಕೆ ನಿಲ್ಲಿಸಿ ಐದಡಿ ಒಂಬತ್ತು ಎಂದಾಗ ಅವನು, ಅಲ್ಲಮ್ಮ, ಐದಡಿ ಹನ್ನೊಂದು, ಎಂದು ತಿದ್ದಿದ್ದ. ಎಲ್ಲರೂ ಹಾಗೇ ಹೇಳ್ತಾರೆ ಎಂದಿದ್ದಳು ಅವಳು, ತಲೆ ಎತ್ತದೆ ಬರೆದುಕೊಳ್ಳುತ್ತ. ನಿಮ್ಮ ನೆಲ ಸಮ ಇಲ್ಲ, ನಾನು ಕೆಳಬದಿಯಲ್ಲಿ ನಿಂತಿದ್ದೇನೆ, ಮೇಲ್ಬದಿಯಲ್ಲಿ ನಿಲ್ಲಿಸಿ ಅಳೆಯಿರಿ ಎಂದು ಅವನು ವಾದಿಸಿದ್ದ. ಆಸ್ಪತ್ರೆಯ ನೆಲಕ್ಕೆ ಮೇಲ್ಬದಿ ಇರುವುದಿಲ್ಲ ಸಾರ್ ಎಂದು ಅವಳು ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದ್ದಳು. ಮನೆಗೆ ಬಂದು ವಿಲ್ಮಾಳಿಗೆ ದೂರಿದರೆ ಅವಳು, "ನನಗೆ ಆಗಲೇ ಗೊತ್ತಿತ್ತು. ಮುಂಚೆ ನಿನ್ನ ಗಲ್ಲ ನನ್ನ ನೆತ್ತಿ ಮೇಲೆ ಕೂರ್ತಿತ್ತು, ಈಗ ಮೂಗು ಚುಚ್ಚುತ್ತೆ," ಎಂದು ಮನೆಗಾಡಿಯ ಕಿಟಕಿಗೆ ಪರದೆ ಹೊಲಿಯುತ್ತ ಕೂತಿದ್ದಳು. ನಿವೃತ್ತಿಯಾದ ಮಾರನೇ ದಿನ ಆ ಗಾಡಿಯಲ್ಲಿ ಅರಿಜೋನಕ್ಕೆ ಹೊರಡುವುದೆಂದು ಅವಳು ತೀರ್ಮಾನಿಸಿದ್ದಳು. ಅಲ್ಲಿ ಮರಗಳೇ ಇಲ್ಲ ಎಂದರೆ, ಅದಕ್ಕೇ, ಎನ್ನುತ್ತಿದ್ದಳು.

ಮರದ ಮೇಲ್ಬದಿಗೆ ಹಾವಸೆ ದಪ್ಪಗೆ ಹತ್ತಿತ್ತು. ನೆಲದ ಹಿಂದಿನ ಒಡೆಯ, ಮೇವಿಸಳ ಅಪ್ಪ, ಅಳೆದ ಜಾಗಕ್ಕೆ ಗುರುತಿನ ಮೊಳೆ ಹೊಡೆಯಲು ಬಿಟ್ಟಿರಲಿಲ್ಲ, ಮೊಳೆ ಕಂಡರೆ ಗರಗಸದ ಹಲ್ಲು ಉದುರುತ್ತದೆಂದು. ಹಾಗಾಗಿ ಅಳೆದ ಕಡೆ ಬಣ್ಣದ ಗೆರೆ ಎಳೆಯುವುದು, ಬಣ್ಣ ತೊಗಟೆಯ ಜೊತೆಗೇ ಉದುರುವುದು, ಮುಂದಿನ ಸಲ ಮತ್ತೆ ಗುಂಡಿಯಿಂದ ಹೊಸ ಗೆರೆ. ಲೈಲ್ ಹಾವಸೆಯನ್ನು ಬೆರಳಿನಿಂದ ಎತ್ತಿದ. ಅದರಡಿಯಲ್ಲಿ ಬಣ್ಣ ಉದುರಿರಲಿಲ್ಲ. ಹೋದ ಸಲ ಅವನೇ ಎಳೆದ ಗೆರೆಯ ಮೇಲೆ ಒಂದು ಹಳೆಯ ಗೆರೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮಾಸಿದ್ದು ಮತ್ತೊಂದು. ಮನೆಗಳಲ್ಲಿ ಮಕ್ಕಳನ್ನು ಹುಟ್ಟುಹಬ್ಬದ ದಿನ ಬಾಗಿಲಿಗೆ ಒರಗಿಸಿ ನಿಲ್ಲಿಸಿ ತಲೆಯ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾರಲ್ಲ, ಹಾಗಿತ್ತು ಅದು. ಮಗು ಮಾತ್ರ ವರ್ಷವರ್ಷಕ್ಕೂ ಕೆಳಗಿಳಿದಿತ್ತು. ಮರ ಬುಡದ ಕಡೆ ಹೋದಷ್ಟೂ ದಪ್ಪ ಎನ್ನುವುದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಮರ ಬೆಳೆದದ್ದಕ್ಕಿಂತ ಹೆಚ್ಚು ಅವನು ಇಳಿದಿದ್ದ. ಹೆಗಲು ಬಾಗಿದ್ದು, ಬೆನ್ನು ಕುಸಿದದ್ದು, ವಿಲ್ಮಾ ಸ್ಯಾಂಡ್‌ವಿಚ್ಚಿಗೆ ಎರಡು ಪದರ ಚೀಸು ಹಾಕತೊಡಗಿದ್ದು, ಇವೆಲ್ಲ ಒಟ್ಟಾಗಿ ದಿಮ್ಮಿಯ ಲೆಕ್ಕದಲ್ಲಿ ಸೇರಿಕೊಂಡು, ಪ್ರಬಂಧವಾಗಿ, ಹೆಸರಾಗಿ, ಸ್ವೀಡನ್ನಿನವರೆಗೆ ಹೋಗಿದ್ದವು. ಕತ್ತಲ ತಾಕಿಗೂ ತಾನೇ ಹೋಗಿದ್ದರೆ ಎರಡೂ ಕಡೆ ಒಂದೇ ತಪ್ಪಾಗಿ ತಪ್ಪೇ ಸಮನಾಗುತ್ತಿತ್ತು. ಪೂರ್ತಿ ಸೋಮಾರಿಯಾಗಿ ಎರಡೂ ಕಡೆಗೆ ಬೇರೆಯವರನ್ನೇ ಕಳಿಸಿದ್ದರೂ ಉಳಿಯುತ್ತಿದ್ದ. ಅರ್ಧ ಸೋಮಾರಿಯಾಗಿ ಕೆಟ್ಟ.

ಅವನು ಮೊದಲು ಬೆನ್ನು ನೆಟ್ಟಗೆ ಮಾಡಿ ನಿಂತು ನೋಡಿದ. ಆಮೇಲೆ ತುದಿಗಾಲಲ್ಲಿ. ತುದಿಗಾಲಲ್ಲಿ ನಿಂತಾಗ ಗುಂಡಿ ಸರಿಯಾಗಿ ಮೇಲಿನ ಗೆರೆಗೆ ಬಂತು, ಕ್ಷಣಮಾತ್ರ ಅವನು ಮೂವತ್ತರ ಹರೆಯದವನಾದ, ಆಮೇಲೆ ಕಾಲು ನಡುಗಿ ಮರವನ್ನು ತಬ್ಬಿಕೊಂಡ. ತಬ್ಬಿಕೊಂಡಿದ್ದ ಹಾಗೇ ಉಗುರಿನಿಂದ ಹಳೆಯ ಗೆರೆಗಳನ್ನು ಕೆರೆಯತೊಡಗಿದ. ಕೆರೆಯಬೇಕೆಂದು ಅಂದುಕೊಂಡಿರಲಿಲ್ಲ, ಕೈ ಕೆರೆಯುತ್ತಿತ್ತು.

"ಕರಡಿ ಅಂದ್ಕೊಂಡೆ," ಎಂದು ಹಿಂದಿನಿಂದ ಗಂಡು ದನಿ ಬಂತು. "ಅಲ್ಲ ಮೇವಿಸ್, ನಮ್ಮ ಪ್ರೊಫೆಸರೇ."

ಗುತ್ತಿಗೆಯ ರಸ್ಸ್ ತನ್ನ ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ನಿಂತಿದ್ದ. ಅವನ ಹಿಂದೆ ಮೇವಿಸ್, ಸಣ್ಣ ಮುದುಕಿ, ಸತ್ತ ಅಪ್ಪನ ತಗಡಿನ ಟೊಪ್ಪಿ ಹಾಕಿಕೊಂಡು, ಎರಡೂ ಕೈಯಲ್ಲಿ ಹಣ್ಣಿನ ಪೈ ಇದ್ದ ತಟ್ಟೆ ಹಿಡಿದುಕೊಂಡು. ಹುಡುಗಿಯಾಗಿದ್ದಾಗಿನಿಂದ ಮರ ಸೀಳುವ ಯಂತ್ರದ ಪಕ್ಕ ಬೆಳೆದವಳಾದ್ದರಿಂದ ಅವಳು ಎಲ್ಲರ ಜೊತೆಗೂ ಹೊಳೆಯ ಆಚೆ ದಡದವರ ಜೊತೆ ಮಾತಾಡುವ ಹಾಗೆ ಮಾತಾಡುತ್ತಿದ್ದಳು.

"ಆ ಮರಕ್ಕೆ ಏನು ಮಾಡ್ತಿದ್ದೀಯೋ ಲೈಲ್?"

"ಹಾವಸೆ ನೋಡ್ತಿದ್ದೆ."

"ಊಟದ ಸಾಮಾನೆಲ್ಲ ನೆಲದ ಮೇಲೆ ಯಾಕೆ ಬಿದ್ದಿದೆ?"

"ಗಾಳಿಗೆ," ಎಂದ. ಎಲೆ ಅಲುಗುತ್ತಿರಲಿಲ್ಲ.

ಅಷ್ಟರಲ್ಲಿ ಟೆಸ್ಸ ಮೇಲಿನಿಂದ ಇಳಿದು ಬಂದಳು. ಅವಳು ಮೊದಲು ನೋಡಿದ್ದು ಮರವನ್ನು. ಅರ್ಧ ಕೆರೆದ ಹಾವಸೆಯ ಹತ್ತಿರ ಹೋಗಿ ಮೇಲಿನ ಗೆರೆಯ ಮೇಲೆ ಬೆರಳಿಟ್ಟಳು, ಆಮೇಲೆ ಅದರ ಕೆಳಗಿನದರ ಮೇಲೆ, ಆಮೇಲೆ ಅದರ ಕೆಳಗಿನದರ ಮೇಲೆ, ಮೆಟ್ಟಿಲು ಇಳಿಯುವವರ ಹಾಗೆ. ಕೊನೆಯ ಗೆರೆಗೆ ಬಂದು ಬೆರಳು ನಿಂತಿತು. ತಿರುಗಿ ಲೈಲನ ಜಾಕೆಟ್ಟನ್ನು ನೋಡಿದಳು. ಜೇಬಿನಿಂದ ಒಂದು ಬೀಜ ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಕಚ್ಚಿದಳು. ಆ ಸಣ್ಣ ಸದ್ದು ಲೈಲನಿಗೆ ತನ್ನ ಬೆನ್ನಿನೊಳಗೆ ಆದ ಹಾಗಾಯಿತು.

"ಸರಿ, ಸುತ್ತಿ ಬಳಸಿ ಬೇಡ," ಎಂದಳು ಮೇವಿಸ್. "ಇವನ ಮಾತು ಕೇಳಿ ನಮ್ಮಪ್ಪ ಒಳ್ಳೊಳ್ಳೆ ಮರ ಕಡಿಸಿಹಾಕಿದ. ಅದು ಜಾಣತನವೋ ಪೆದ್ದತನವೋ, ಇವತ್ತು ಹೇಳಿಬಿಡಿ. ರಸ್ಸ್‌ಗೂ ಬೇರೆ ಕೆಲಸ ಇದೆ."

"ನಂಗೇನೂ ಅವಸರ ಇಲ್ಲ," ಎಂದ ರಸ್ಸ್, ಪೈಯನ್ನು ನೋಡುತ್ತ.

"ಒಂದು ತೊಡಕಿದೆ," ಎಂದಳು ಟೆಸ್ಸ. "ವಿರಳ ತಾಕಿನ ಮರಗಳು ಹೋದ ಸಲದ ಅಳತೆಗಿಂತ ಕುಗ್ಗಿವೆ."

"ಕುಗ್ಗಿವೆ ಅಂದ್ರೆ?"

"ತೆಳ್ಳಗಾಗಿವೆ."

"ನನ್ನ ಹೆಂಡ್ತಿಗೆ ಹೇಳ್ಬೇಕು," ಎಂದ ರಸ್ಸ್. "ಏನು ಪಥ್ಯ ಮಾಡ್ತಾವೆ ಅಂತ ಕೇಳ್ತಾಳೆ."

ಮೇವಿಸ್ ನಗಲಿಲ್ಲ. ಟೆಸ್ಸ, ಹೇಳುವುದಿದ್ದರೆ ನೀವೇ ಹೇಳಿ ಎನ್ನುವ ಹಾಗೆ, ಲೈಲನ ಕಡೆ ನೋಡಿದಳು. ಹೇಳಬೇಕೆಂದೇ ಅವನು ಬಾಯಿ ತೆರೆದ. ವಾಕ್ಯ ನಾಲಗೆಯ ಮೇಲೆ ತಯಾರಾಗಿತ್ತು: ನನ್ನ ಗುಂಡಿ ಕೆಳಗಿಳಿದಿದೆ. ಆದರೆ ಅದನ್ನು ಒಮ್ಮೆ ಮನಸ್ಸಿನಲ್ಲಿ ಕೇಳಿಕೊಂಡದ್ದೇ ತಪ್ಪಾಯಿತು. ದೊಡ್ಡ ತಪ್ಪು ಮಾಡಿ ಹಾಳಾದವರನ್ನು ಅವನು ಕಂಡಿದ್ದ. ಒಬ್ಬ ಕಸಕ್ಕೆ ಇಟ್ಟ ಬೆಂಕಿಯಿಂದ ಅರ್ಧ ಬೆಟ್ಟ ಸುಟ್ಟಿದ್ದ, ಅವನ ಮುಖದಲ್ಲಿ ಆಮೇಲೂ ಒಂದು ಗಾಂಭೀರ್ಯ ಉಳಿದಿತ್ತು. ಗುಂಡಿಯಿಂದ ಹಾಳಾದವನಿಗೆ ಏನು ಉಳಿಯುತ್ತದೆ? ಮುಂದಿನ ಸಮ್ಮೇಳನದ ಊಟದಲ್ಲಿ ಆ ಸ್ವೀಡನ್ನಿನವನು ಸೂಪು ಕುಡಿಯುತ್ತ ತನ್ನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಇದೇ ಬೆಳಕು, ಈ ಕಾಂಡಗಳು, ನವೆಂಬರಿನಲ್ಲಿ ಇಲ್ಲಿ ಬರೀ ಬೊಡ್ಡೆಗಳು, ಅದಕ್ಕೆ ಕಾರಣ ಕೇಳಿದರೆ ಎರಡು ಪದರ ಚೀಸು.

"ಬರ," ಎಂದುಬಿಟ್ಟ.

"ಏನು ಬರ?"

"ಮಳೆ ಇಲ್ಲ. ಬರದಲ್ಲಿ ಮರ ಕುಗ್ಗುತ್ತೆ, ಮೇವಿಸ್. ಕಾಂಡದಲ್ಲಿರೋ ನೀರು ಹೋಗುತ್ತೆ, ಹಿಂಡಿದ ಸ್ಪಂಜಿನ ಹಾಗೆ. ಬಯಲಾಗಿರೋ ಕಾಡಲ್ಲಿ ಬಿಸಿಲು ಜಾಸ್ತಿ, ಅದಕ್ಕೆ ಅಲ್ಲೇ ಜಾಸ್ತಿ ಕುಗ್ಗಿದೆ." ಮಾತಾಡುತ್ತಿದ್ದ ಹಾಗೆ ಅದು ಅವನಿಗೇ ನಿಜ ಅನ್ನಿಸತೊಡಗಿತು. ಅದರಲ್ಲಿ ಅಷ್ಟಿಷ್ಟು ನಿಜವೂ ಇತ್ತು: ಸುಡುಬಿಸಿಲಲ್ಲಿ ಮರ ಕೂದಲೆಳೆಯಷ್ಟು ಕುಗ್ಗಿ ರಾತ್ರಿ ಮತ್ತೆ ಹಿಗ್ಗುತ್ತದೆ. ಅರ್ಧ ಇಂಚು ಕುಗ್ಗಬೇಕಾದರೆ ಅದನ್ನು ಒಲೆಯಲ್ಲಿ ಬೇಯಿಸಬೇಕು. "ಇಂಥದ್ದು ಇಷ್ಟು ಸ್ಪಷ್ಟವಾಗಿ ಎಲ್ಲೂ ಕಂಡಿಲ್ಲ," ಎಂದು ಸೇರಿಸಿದ. ಅದಂತೂ ಪೂರ್ತಿ ನಿಜ.

ಮೇವಿಸ್ ತಟ್ಟೆಯನ್ನು ರಸ್ಸ್‌ನ ಕೈಗೆ ಕೊಟ್ಟು, ಮರದ ಹತ್ತಿರ ಹೋಗಿ ಅದನ್ನು ಹಸುವನ್ನು ತಟ್ಟುವ ಹಾಗೆ ತಟ್ಟಿದಳು. "ಕುಗ್ಗೋ ಮರ," ಎಂದಳು. "ನಮ್ಮಪ್ಪ ಇದನ್ನ ನೋಡ್ಬೇಕಿತ್ತು. ಹೌದೇನಮ್ಮ ಟೆಸ್ಸ? ಇದು ನಿಜವೇ?"

ಟೆಸ್ಸ ಸಿಪ್ಪೆ ಉಗುಳಿದಳು. ಅವಳು ಏನು ಲೆಕ್ಕ ಹಾಕುತ್ತಿದ್ದಾಳೆ ಎನ್ನುವುದು ಲೈಲನಿಗೆ ಕಾಣುತ್ತಿತ್ತು. ಜನವರಿಯಿಂದ ಅವಳ ಹೆಸರಿಗೆ ಬರುವುದು ಕುರ್ಚಿ ಮಾತ್ರವಲ್ಲ, ಈ ಕಾಡು ಕೂಡ. ಕಾಡು ಹೋದರೆ ಉಳಿಯುವುದು ಬರೀ ಕುರ್ಚಿ. "ಅಳತೆ ಕಮ್ಮಿ ಬಂದಿರೋದು ನಿಜ," ಎಂದಳು. "ಕಾರಣ ನೋಡ್ಬೇಕು. ಕೆಲವು ವರ್ಷ ಬೇಕಾಗುತ್ತೆ."

"ಹಾಗಾದ್ರೆ ನೋಡಿ. ಇದು ನಿಲ್ಲಲಿ. ರಸ್ಸ್, ಈ ಕಡೆಗೆ ಬರಬೇಡ." ಲೈಲ್ ನೆಲದಿಂದ ಸ್ಯಾಂಡ್‌ವಿಚ್ಚು ಎತ್ತಿಕೊಂಡು, ಎತ್ತಿಕೊಂಡದ್ದು ಯಾಕೆಂದು ಮರೆತು ಅದನ್ನು ಹಿಡಿದುಕೊಂಡು ನಿಂತ. ಮೇವಿಸ್ ಆಗಲೇ ಇನ್ನೊಂದು ಕಡೆ ತಿರುಗಿದ್ದಳು. "ಆ ಕರೀದು? ಅದೂ ಕುಗ್ಗಿದೆಯೇ?"

"ಇಲ್ಲ," ಎಂದಳು ಟೆಸ್ಸ. ಅವಳಿಗೆ ಒಂದು ದಿನಕ್ಕೆ ಒಂದೇ ಸುಳ್ಳು ನುಂಗಲು ಸಾಧ್ಯವಿತ್ತೆಂದು ತೋರುತ್ತದೆ. "ಅದು ಎಂದಿನ ಹಾಗೆ ಬೆಳೆದಿದೆ."

"ಬೆಳೆಯೋದನ್ನ ನೋಡೋದೇನಿದೆ, ಎಲ್ಲಾ ಮರವೂ ಬೆಳೆಯುತ್ತೆ. ರಸ್ಸ್, ಅದನ್ನ ಕಡಿ. ಎಷ್ಟು ವರ್ಷದಿಂದ ಹಾಗೇ ಕೂತಿದೆ ಮುಖ ಗಂಟು ಹಾಕ್ಕೊಂಡು."

ರಸ್ಸ್ ಪೈಯನ್ನು ಎಚ್ಚರಿಕೆಯಿಂದ ಒಂದು ಬೊಡ್ಡೆಯ ಮೇಲಿಟ್ಟು, ಸೊಂಟದಿಂದ ನೀಲಿ ಬಣ್ಣದ ಡಬ್ಬಿ ಬಿಚ್ಚಿಕೊಂಡು ಮುಟ್ಟದ ತಾಕಿನ ಅಂಚಿಗೆ ನಡೆದ. ಡಬ್ಬಿ ಅಲುಗಿಸಿದ ಸದ್ದು, ಆಮೇಲೆ ಬಣ್ಣ ಚಿಮ್ಮಿದ ಸದ್ದು. ಮೊದಲ ಮರದ ಮೇಲೆ ನೀಲಿ ಗೀಟು ಬಿತ್ತು. ಲೈಲ್ ಆ ತಾಕನ್ನು ಎಂದೂ ಪ್ರೀತಿಸಿರಲಿಲ್ಲ. ಭಾಷಣಗಳಲ್ಲಿ ಅದರ ಚಿತ್ರ ತೋರಿಸುವಾಗ ಜನ ನಗಲಿ ಎಂದು, ನಮ್ಮ ಜೈಲು, ಎನ್ನುತ್ತಿದ್ದ. ಈಗ ಆ ಕತ್ತಲನ್ನು ನೋಡುತ್ತ ನಿಂತವನಿಗೆ, ಇಷ್ಟು ವರ್ಷ ಈ ಇಳಿಜಾರಿನಲ್ಲಿ ಸುಳ್ಳು ಹೇಳದೆ ನಿಂತದ್ದು ಅದೊಂದೇ ಎಂದು ಹೊಳೆಯಿತು. ಅದು ಸುಳ್ಳು ಹೇಳಲಿಲ್ಲ ಎಂಬ ಕಾರಣಕ್ಕೇ ಈಗ ಅದನ್ನು ಕಡಿಯುತ್ತಾರೆ. ಪಕ್ಕದಲ್ಲಿ ಅದಿಲ್ಲದ ಮೇಲೆ ತನ್ನ ಮರಗಳು ದಪ್ಪವೋ ತೆಳುವೋ, ಯಾವುದಕ್ಕೆ ಹೋಲಿಸಿ ಹೇಳುವುದು? ಎರಡನೇ ಮರಕ್ಕೂ ಗೀಟು ಬಿತ್ತು. ಕೈಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ಅವನು ಬೊಡ್ಡೆಯ ಮೇಲೆ ಪೈಯ ಪಕ್ಕಕ್ಕಿಟ್ಟ.

"ಅದೂ ಕುಗ್ಗಿದೆ!" ಎಂದು ಕೂಗಿದ. ಮೇವಿಸಳಿಗಿಂತಲೂ ಜೋರಾಗಿ ಕೇಳಿಸಿತು.

ರಸ್ಸ್ ಡಬ್ಬಿಯನ್ನು ಇಳಿಸಿದ.

"ಈಗ ತಾನೇ ಇವಳು ಇಲ್ಲ ಅಂದಳಲ್ಲೋ," ಎಂದಳು ಮೇವಿಸ್.

"ಇವಳು ಅಳೆದದ್ದು ಬೆಳಗಿನ ಹೊತ್ತು. ಅದು ಕುಗ್ಗೋದು ಮಧ್ಯಾಹ್ನ."

"ಮಧ್ಯಾಹ್ನ?"

"ಊಟದ ಮೇಲೆ," ಎಂದ ಲೈಲ್. ಇನ್ನು ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ.

ರಸ್ಸ್ ನೆಲ ನೋಡಿದ. ಮೇವಿಸ್ ಟೆಸ್ಸಳನ್ನು ನೋಡಿದಳು. ಟೆಸ್ಸ ಲೈಲನನ್ನು ನೋಡುತ್ತಿದ್ದಳು, ಹೊಸ ಜಾತಿಯ ಹುಳುವನ್ನು ನೋಡುವ ಹಾಗೆ: ಇದು ಕಾಡಿಗೆ ಒಳ್ಳೆಯದೋ ಕೆಟ್ಟದ್ದೋ ಇನ್ನೂ ಗೊತ್ತಿಲ್ಲ, ಆದರೆ ಇಂಥದ್ದನ್ನು ಹಿಂದೆ ಕಂಡಿಲ್ಲ. ಅವಳು ಹೌದು ಎಂದರೆ ಸುಳ್ಳು, ಇಲ್ಲ ಎಂದರೆ ಎರಡೂ ಕಾಡು ಹೋಗುತ್ತವೆ. ಅವಳು ಎರಡನ್ನೂ ಹೇಳಲಿಲ್ಲ.

"ಆ ತಾಕನ್ನ ಇಷ್ಟು ವರ್ಷದಲ್ಲಿ ಲೈಲ್ ಒಂದ್ಸಲಾನೂ ಅಳೆದಿಲ್ಲ, ಮೇವಿಸ್," ಎಂದಳು. "ಒಳಗೇ ಹೋಗಿಲ್ಲ. ಅಷ್ಟು ಗಟ್ಟಿಯಾಗಿ ಹೇಳ್ತಾರಲ್ಲ, ಅವರೇ ಹೋಗಿ ಅಳೀಲಿ. ಪ್ರತಿ ಮರ. ಆಮೇಲೆ ಕಡಿಯೋದೋ ಬಿಡೋದೋ ನೋಡೋಣ."

"ಹೋಗಿಲ್ವಾ?" ಮೇವಿಸ್ ಬೆರಗಾದಳು. "ನಮ್ಮಪ್ಪ ನಿನಗೆ ಎರಡೂ ಕೊಟ್ಟಿದ್ದನಲ್ಲೋ!"

"ಮಂಡಿ," ಎಂದ ಲೈಲ್.

"ಮಂಡಿಯಂತೆ. ನನ್ನ ಎರಡೂ ಮಂಡಿ ಉಕ್ಕಿಂದು, ನಾನೇ ಹತ್ತಿ ಬಂದಿಲ್ವೇ? ಹೋಗು. ಇವನು ಎಲ್ಲಾ ಅಳೆದು ಮುಗಿಸೋ ತನಕ ಯಾರೂ ಗರಗಸ ಎತ್ತೋ ಹಾಗಿಲ್ಲ, ತಿಳೀತಾ ರಸ್ಸ್?"

"ಇವನು ಮುಗಿಸೋ ಹೊತ್ತಿಗೆ ನನ್ನ ಗರಗಸ ತುಕ್ಕು ಹಿಡಿದಿರುತ್ತೆ," ಎಂದ ರಸ್ಸ್, ಪೈಯ ಹತ್ತಿರ ಬಂದು ಕೂತು.

ಲೈಲ್ ಅಂಚಿಗೆ ಹೋದ. ಹಿಂದೆಯೇ ಟೆಸ್ಸ ಬಂದು, ಬೇರೆಯವರಿಗೆ ಕೇಳದ ಹಾಗೆ, "ಜಾಕೆಟ್ ಇಲ್ಲೇ ಬಿಚ್ಚಿಡಿ," ಎಂದಳು. ಅವನು ಬಿಚ್ಚಿ ಕೊಟ್ಟ. ಅದಿಲ್ಲದೆ ಎದೆ ತಣ್ಣಗೆ, ಬೆತ್ತಲೆ ಅನ್ನಿಸಿತು, ಅಂಗಿ ಇದ್ದರೂ. ಅವಳು ಕೋಲನ್ನು ಅವನ ಕೈಗಿಟ್ಟಳು. "ನೀವು ಒಳಗಿಂದ ಕೂಗಿ, ನಾನು ಬರ್ಕೊಳ್ತೀನಿ."

"ಏನಂತ ಕೂಗಲಿ?" ಎಂದು ಪಿಸುಗುಟ್ಟಿದ.

"ಎಷ್ಟಿದೆಯೋ ಅಷ್ಟು."

"ಅಷ್ಟು ಕೂಗಿದರೆ ಇವು ಹೋಗ್ತಾವಲ್ಲ."

"ಮುಗಿದ ಮೇಲೆ ತಾನೇ? ಎಷ್ಟು ಮರ ಇವೆ ಗೊತ್ತಾ ಒಳಗೆ?" ಅವಳು ಮೊದಲ ಸಲ ನಕ್ಕಳು. ಮುಂದಿನ ಹಲ್ಲಿಗೆ ಸಿಪ್ಪೆ ಅಂಟಿತ್ತು. "ನಿಧಾನಕ್ಕೆ ಮಾಡಿ. ಮಂಡಿ ಇದೆಯಲ್ಲ."

ಮೊದಲ ಸತ್ತ ಕೊಂಬೆ ಅವನ ಟೊಪ್ಪಿ ಕಿತ್ತುಕೊಂಡಿತು, ಎರಡನೆಯದು ಅಂಗಿಯ ತೋಳು. ಬಗ್ಗಿದ, ಆಮೇಲೆ ಕೈಯೂರಿದ, ಆಮೇಲೆ ತೆವಳಿದ. ಕೋಲು ಎಲ್ಲ ಕಡೆಯೂ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಿಂದೆ ಹೊರಗಿನ ಬೆಳಕು ಒಂದು ಬಾಗಿಲಿನಷ್ಟಾಗಿ, ಕಿಟಕಿಯಷ್ಟಾಗಿ, ಕೊನೆಗೆ ಹೋಯಿತು. ಒಳಗೆ ತಂಪಿತ್ತು, ಒಣಗಿದ ಸೂಜಿ ಎಲೆಯ ವಾಸನೆ ಇತ್ತು, ಮತ್ತು ಅವನು ಎಂದೂ ಊಹಿಸದಿದ್ದಷ್ಟು ಮೌನ. ಎದ್ದು ನಿಲ್ಲಲು ಸಾಧ್ಯವಾದ ಮೊದಲ ಜಾಗದಲ್ಲಿ ಒಂದು ಮರದ ಮೇಲ್ಬದಿಗೆ ಕೋಲು ನಿಲ್ಲಿಸಿದ. ತುದಿ ಅವನ ಎದೆಗಲ್ಲ, ಹೆಗಲಿನ ಹತ್ತಿರ ಬಂತು. ಅಲ್ಲಿ ಟೇಪು ಸುತ್ತಲು ಕೈ ಎತ್ತಬೇಕಾಯಿತು, ಅಂಗಡಿಯ ಮೇಲಿನ ಹಲಗೆಯಿಂದ ಏನನ್ನೋ ತೆಗೆಯುವ ಹಾಗೆ. ಮರ ಅವನ ತೋಳಿನೊಳಗೆ ಸುಲಭವಾಗಿ ಹಿಡಿಸಿತು, ಅಷ್ಟು ತೆಳ್ಳಗಿತ್ತು. ಅಂಕಿಯನ್ನು ಓದಿದ. ಇನ್ನೊಮ್ಮೆ ಓದಿದ.

"ಎಂಟು ಇಂಚು!" ಎಂದು ಕೂಗಿದ.

ಹೊರಗಿನಿಂದ ತಟ್ಟೆಗೆ ಚಮಚ ತಾಗಿದ ಸದ್ದು ಬಂತು, ಮೇವಿಸ್ ಏನೋ ಅಂದದ್ದು, ರಸ್ಸ್ ಬಾಯಿ ತುಂಬಿಕೊಂಡು ನಕ್ಕದ್ದು. ಆಮೇಲೆ ಟೆಸ್ಸಳ ದನಿ, ಅವರ ಕಸುಬಿನಲ್ಲಿ ಬರೆದುಕೊಳ್ಳುವವರು ಅಳೆಯುವವರಿಗೆ ತಿರುಗಿಸಿ ಹೇಳುವ ಹಾಗೆ, ಹೆಚ್ಚಿಲ್ಲದೆ ಕಡಿಮೆಯಿಲ್ಲದೆ:

"ಎಂಟು ಇಂಚು. ಮುಂದಿನದು?"

ಅವನು ಟೇಪನ್ನು ಬಿಚ್ಚಲಿಲ್ಲ. "ತಾಳಿ," ಎಂದು ಕೂಗಿದ, "ಇದನ್ನೇ ಇನ್ನೊಂದ್ಸಲ ನೋಡ್ತೀನಿ."